ಇಬ್ಬರು ಕೂರುವ ಮಗ್ಗ

“ಮಗ್ಗದ ಕುಣಿಯಾಗ ಇಳಿದ ಕಾಲು ಕಾಲೇಜಿನ ಮೆಟ್ಲ ಹತ್ತಂಗಿಲ್ಲ” ಅಂದವರು ನನ್ನ ಸೋದರಮಾವ. ತೆಲಂಗಾಣದ ಗಡಿಯ ನಾರಾಯಣಪೇಟೆಯ ನಮ್ಮ ಮನೆಗೆ ಅವರೇ ಹಿರಿಯರು. ಏನು ಕೈಗೆ ಬಂದರೂ ತಿರುವಿ ಹಿಂಭಾಗ ನೋಡುವುದು ಅವರ ರೂಢಿ. ನೇಯ್ಗೆಯ ಕಳ್ಳತನ ಸೀರೆಯ ಹಿಂದೆ ಸಿಗುತ್ತದಂತೆ. ಹನ್ನೆರಡನೆಯ ತರಗತಿಯ ನನ್ನ ಇಂಟರ್‌ ಅಂಕಪಟ್ಟಿಯನ್ನೂ ತಿರುವಿದ್ದರು. “ಹಿಂದ ಖಾಲಿ ಐತಲ್ಲಬೇ!”

ಆದರೂ ಪದವಿ ಓದಲು ಹೊರಟೆ. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಜುರಾಲ ಅಣೆಕಟ್ಟೆಯ ಮೇಲೆ ಕೃಷ್ಣೆ ದಾಟಿ ಗದ್ವಾಲ ಸೇರಿದೆ. ಬಾಡಿಗೆಗೆ ಕೋಣೆ ಕೇಳಿದರೆ, ಒಂಟಿ ಹುಡುಗಿ ಎಂದು ಮೂರು ಮನೆಯವರು ಬಾಗಿಲಲ್ಲೇ ತಿರುಗಿ ಕಳಿಸಿದರು. ನಾಲ್ಕನೆಯದು ಶಂಕರಮ್ಮನ ಮನೆ. ಅಲ್ಲಿ ನಾನು ಕಂಡದ್ದು ವಿಚಿತ್ರ: ಒಂದು ಮಗ್ಗ, ಅದಕ್ಕೆ ಇಬ್ಬರು ಕೂರುವಷ್ಟು ಉದ್ದದ ಹಲಗೆ, ಅದರಲ್ಲಿ ಅರ್ಧ ಖಾಲಿ. ಜೊತೆಗೆ ಕೂರುತ್ತಿದ್ದ ಮಗಳನ್ನು ಮಾನೋಪಾಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಶಂಕರಮ್ಮ ನನ್ನ ಬೆರಳ ತುದಿ ಒತ್ತಿ ನೋಡಿ, “ನೇಕಾರರ ಪಿಲ್ಲ ಕದ ನೀ? ಬೆಳಗ್ಗೆ ಕಾಲೇಜಿಗಿ ಹೋಗಾಕ ಮುಂಚೆ ನನ್ನ ಪಕ್ಕ ಕೂಡು. ರೂಮು ನಿಂದೇ” ಅಂದರು. ಅವರದು ತೆಲುಗು ಬೆರೆತ ಮಾತು: ಪಿಲ್ಲ ಅಂದರೆ ಹುಡುಗಿ, ಕದ ಅಂದರೆ ಅಲ್ಲವೇ.

ನಮ್ಮಲ್ಲಿ ಒಬ್ಬರೇ ಕೂತು, ಒಂದೇ ಹಾಸುನೂಲಿನ ಮೇಲೆ ಸಾಲಾಗಿ ಎಂಟು ಸೀರೆ ನೇಯುತ್ತೇವೆ; ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಗದ್ವಾಲದ ಸೀರೆಗೆ ಒಡಲು ಹತ್ತಿ, ಅಂಚು ರೇಷ್ಮೆ. ಹತ್ತಿಯ ಲಾಳಿ ಅಂಚಿನ ಗಡಿಯಲ್ಲಿ ನಿಂತು, ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಅದಕ್ಕೇ ಮಗ್ಗಕ್ಕೆ ಇಬ್ಬರು. ಮೊದಲ ದಿನ ನನ್ನ ಕೈ ಊರಿನ ಅಭ್ಯಾಸದಲ್ಲಿ ಲಾಳಿಯನ್ನು ಬೀಸಿಬಿಟ್ಟಿತು. ಹತ್ತಿ ರೇಷ್ಮೆಯೊಳಗೆ ನುಗ್ಗಿತು. “ನಿಮ್ಮೂರಾಗ ಲಾಳಿಗಿ ಹದ್ದೇ ಇಲ್ಲೇನಮ್ಮಾ?” ಎಂದು ನಕ್ಕರು. ಒಂದು ಬೆರಳಗಲ ಬಿಚ್ಚಿದೆವು. ಬಿಚ್ಚುವಾಗಲೇ ಅವರು ನನಗೆ ಪೆದ್ದಮ್ಮ ಆದರು. ನಾವು ದೊಡ್ಡಮ್ಮ ಅನ್ನುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಇನ್ನು ಊರಿನ ಮಾತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವಿನ ಈ ನೆಲಕ್ಕೆ ನಡಿಗಡ್ಡ ಎಂದು ಹೆಸರು. ನಮ್ಮ ತೊಗರಿ ಮುಗಿಲು ನೋಡಿದರೆ ಇಲ್ಲಿಯ ಭತ್ತ ಕಾಲುವೆ ನೋಡುತ್ತದೆ. ಬೀಜಕ್ಕೆಂದೇ ಬೆಳೆಯುವ ಹತ್ತಿಯೂ ಉಂಟು. ಒಂದು ಹೂವಿಗೆ ಇನ್ನೊಂದು ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸುತ್ತಾರೆ, ‘ಕ್ರಾಸಿಂಗ್’ ಅನ್ನುತ್ತಾರೆ. ಆ ದಿನಗಳಲ್ಲಿ ಹೆಂಗಸರನ್ನು ತುಂಬಿದ ಆಟೋಗಳು ನಸುಕಿನಲ್ಲೇ ಹೊಲಕ್ಕೆ ಓಡುತ್ತವೆ, ಹುಡುಗಿಯರೂ ಅತ್ತ ಹೋಗಿ ಕಾಲೇಜಿನ ಅರ್ಧ ಬೆಂಚುಗಳು ಬರಿದಾಗುತ್ತವೆ. ಕಾಲೇಜೋ, ಹಳೆಯ ಮಣ್ಣಿನ ಕೋಟೆಯ ಒಳಗೆ. ಪೆದ್ದಮ್ಮನ ಮನೆಯಲ್ಲಿ ಮೂರು ಹೊತ್ತೂ ಅನ್ನ. ರೊಟ್ಟಿ ಬಡಿಯುವ ಸದ್ದು ನೆನಪಾಗಿ ಒಂದೆರಡು ಸಲ ಅತ್ತದ್ದೂ ನಿಜ.

ಮೊದಲ ವರ್ಷ ಚರಿತ್ರೆಯಲ್ಲಿ ಫೇಲಾದೆ. ಕನ್ನಡದಲ್ಲಿ ಓದಿ ಬಂದವಳು; ಇಲ್ಲಿ ಪರೀಕ್ಷೆ ತೆಲುಗಿನಲ್ಲಿ. ತೆಲುಗು ಆಡುತ್ತಿದ್ದೆ, ಪುಟಗಟ್ಟಲೆ ಬರೆಯಲು ಬರುತ್ತಿರಲಿಲ್ಲ. ಮಾವನ ಫೋನು ಬಂತು: “ಸಾಕು ಬಾರಬೇ. ಮಗ್ಗ ಹಂಗೇ ಕುಂತೈತಿ.” ಬಟ್ಟೆ ಚೀಲಕ್ಕೆ ತುಂಬಿದೆ. ಪೆದ್ದಮ್ಮ ಚೀಲವನ್ನು ಕಾಲಿನಿಂದ ಬದಿಗೆ ಸರಿಸಿದರು.

“ನಂಗ ಅಕ್ಷರ ಬರಂಗಿಲ್ಲ, ಕಿವಿ ಐತಿ ಕದ. ಪಾಠ ನಂಗ ಹೇಳು.”

ಅಂದಿನಿಂದ ಹಲಗೆಯ ಮೇಲೆ ಪಕ್ಕದಲ್ಲಿ ಕೂತು ತೆಲುಗಿನಲ್ಲೇ ಹೇಳಿದೆ. “ಅರ್ಥ ಆಗಲೇದು, ಮತ್ತ ಹೇಳು” ಎಂದು ರಾಜರನ್ನೆಲ್ಲ ಮೂರು ಮೂರು ಸಲ ಪಟ್ಟಕ್ಕೆ ಏರಿಸಿದರು. ಅವರಿಗೆ ಅರ್ಥವಾದದ್ದನ್ನು ಬರೆದಿಟ್ಟೆ. ಮರುಪರೀಕ್ಷೆಯಲ್ಲಿ ಪಾಸಾದೆ. ಮುಂದೆ ಯಾವ ವಿಷಯದಲ್ಲೂ ಫೇಲಾಗಲಿಲ್ಲ.

ಪದವಿ ಪತ್ರ ಕೈಗೆ ಬಂದ ದಿನ ಮೊದಲು ಪೆದ್ದಮ್ಮನಿಗೆ ಕೊಟ್ಟೆ. ಮಗ್ಗದಿಂದ ಇಳಿದ ಸೀರೆಗೆ ಅವರು ಕುಂಕುಮ ಹಚ್ಚುತ್ತಾರೆ. ಪತ್ರಕ್ಕೂ ಹಚ್ಚಿದರು, ಮುಂಭಾಗ ಕೆಡಬಾರದೆಂದು ಹಿಂಭಾಗಕ್ಕೆ.

ಮರುದಿನ ನಾರಾಯಣಪೇಟೆ. ನಮ್ಮ ಓಣಿಯವರು ಈಗ “ಯಾವಾಗ ಹೋಗ್ತಿ?” ಎಂದೇ ಮಾತಾಡಿಸುತ್ತಾರೆ, ಗದ್ವಾಲದಲ್ಲಿ ನಾನಿನ್ನೂ ನಾರಾಯಣಪೇಟೆಯಿಂದ ಬಂದ ‘ಪೇಟೆ ಪಿಲ್ಲ’. ಎರಡೂ ಕಿವಿಗೆ ಹಿತವೇ.

ಮಾವ ಧೋತರಕ್ಕೆ ಕೈ ಒರೆಸಿಕೊಂಡು ಪತ್ರವನ್ನು ಬಾಗಿಲ ಬೆಳಕಿಗೆ ಹಿಡಿದರು. ಅಂಚನ್ನು ಬೆರಳಲ್ಲಿ ಉಜ್ಜಿದರು. ತಿರುವಿದರು.

“ಇದ್ಯಾರ ಕುಂಕುಮದ ಬಟ್ಟಬೇ?”

“ಪೆದ್ದಮ್ಮಂದ್ರಿ ಮಾಮ. ಮಗ್ಗಕ್ಕ ಜೋಡಿ ಕೂಡಾಕಿ.”

ಕುಂಕುಮದ ಸುತ್ತ ಬೆರಳಾಡಿಸಿದರು.

“ಈ ಸಲ ಹಿಂದ ಖಾಲಿ ಇಲ್ಲ. ಗಂಟೂ ಇಲ್ಲ. ಆದ್ರ ಇದು ನಮ್ಮೂರ ನೇಯ್ಗಿ ಅಲ್ಲ ಬಿಡವ್ವ, ಇಬ್ಬರು ಕುಂತು ನೇಯ್ದದ್ದು. ಗದ್ವಾಲದ್ದು.”