ಗದಿಗೆಮ್ಮ ‘ಕಳ್ಳಾ’ ಎಂದು ಕೂಗಿದ ಬೆಳಗು

ಬೆಳಕು ಹರಿಯುವ ಹೊತ್ತಿಗೆ ಗದಿಗೆಮ್ಮ ತೆಲುಗು ನಾಡಿನ ಲಿಂಗಂಪಲ್ಲಿಯ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿನ ಗೇಟು ತೆರೆದು, ನೀರಿನ ಮೋಟಾರು ಹಾಕಿ, ಮನೆಮನೆಯ ಬಾಗಿಲಿಗೆ ಹಾಲಿನ ಪಾಕೀಟು ಇಡುತ್ತಾರೆ. ರಾತ್ರಿ ಪಾಳಿ ಮುಗಿಸಿದ ಹುಡುಗಿಯರು ಕಂಪನಿಯ ಕ್ಯಾಬಿನಿಂದ ಇಳಿದರೆ, ಅವರ ಬಾಗಿಲ ಚಿಲಕದ ಸದ್ದು ಕೇಳುವವರೆಗೂ ಮೆಟ್ಟಿಲ ಬುಡದಲ್ಲೇ ನಿಂತಿರುತ್ತಾರೆ.

ಸೇಡಂ ಕಡೆಯ ಇವರು ಗಂಡ ಬೂದೆಪ್ಪನವರ ಜೊತೆ ಬಂದದ್ದು ಇದೇ ಕಟ್ಟಡಕ್ಕೆ ಇಟ್ಟಿಗೆ ಹೊರಲು. ಕಟ್ಟಡ ಮುಗಿಯಿತು. ಬೂದೆಪ್ಪ ಗಾರೆ ಕೆಲಸಕ್ಕೆ ಬೇರೆ ಕಡೆ ಹೋಗಿಬರುತ್ತಾರೆ, ಇವರು ಕಾವಲಿಗೆ ಉಳಿದರು. ಪಂಪಿನ ಪಕ್ಕದ ಕೋಣೆಯೇ ಮನೆ. “ವಾಚ್‌ಮನ್ ಅಂತ ಕರೀತಾರ್ರಿ ನನಗ. ಮೀಸಿ ಒಂದ ಬಂದಿಲ್ಲ ನೋಡ್ರಿ!”

ಆ ಕೋಣೆಯೇ ಕೈತಪ್ಪುವುದರಲ್ಲಿತ್ತು. ದೇಶದ ಅಪರಾಧಗಳ ಅಂಕಿಅಂಶ ಪತ್ರಿಕೆಗಳಲ್ಲಿ ಬಂದ ವಾರ ಅದು. ಯಾವುದು ಏರಿದೆ, ಯಾವುದು ಇಳಿದಿದೆ ಎಂದು ಎಲ್ಲರೂ ಪೂರ್ತಿ ಓದಿದ್ದರೋ ಇಲ್ಲವೋ ಹೇಳುವುದು ಕಷ್ಟ. ಹೆದರಿಕೆಯಂತೂ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಿತ್ತು. ಈ ಕಟ್ಟಡದಲ್ಲಿ ಮಾತ್ರ ಒಂದು ಚಪ್ಪಲಿಯೂ ಕಳುವಾಗಿರಲಿಲ್ಲ. ಕಳುವಾಗುತ್ತಿದ್ದದ್ದು ಹಾಲು, ಕದಿಯುತ್ತಿದ್ದದ್ದು ಬೆಕ್ಕು.

ಒಂದು ಬೆಳಗಿನ ಜಾವ ಅದು ಪಾಕೀಟು ಕಚ್ಚಿದ್ದನ್ನು ಕಂಡು ಗದಿಗೆಮ್ಮ ಪೊರಕೆ ಎತ್ತಿದರು. “ಬಂದೇನೋ ಕಳ್ಳಾ! ನಿಲ್ಲು, ಕಾಲ ಮುರೀತೀನಿ!” ತೆಲುಗಿನ ಮನೆಗಳು ಮಗ್ಗುಲು ಬದಲಿಸಿ ಮಲಗಿದವು. ಮಾತು ಅರ್ಥವಾದದ್ದು ಒಬ್ಬಳಿಗೇ: ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಎರಡನೇ ಮಹಡಿಯಲ್ಲಿ ಒಂಟಿಯಾಗಿರುವ ಪೂರ್ವಿಗೆ. ಅವಳು ಕಳ್ಳ ಬಂದನೆಂದೇ ಪೊಲೀಸರಿಗೆ ಫೋನ್ ಮಾಡಿದಳು.

ಲಾಠಿ ಹಿಡಿದು ಬಂದವರಿಗೆ ಸಿಕ್ಕಿದ್ದು ಮೀಸೆಗೆ ಹಾಲು ಮೆತ್ತಿಕೊಂಡ ಬೆಕ್ಕು. “ಇದರ ಕಾಲಿಗೆ ನಿಮ್ಮ ಬೇಡಿ ಸಡಲ ಆಗ್ತಾವ್ರಿ ಸಾಹೇಬ್ರ” ಎಂದು ಗದಿಗೆಮ್ಮ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿ ಸೂರ್ಯನಾರಾಯಣ ಮಾತ್ರ ನಗಲಿಲ್ಲ. “ಏಜೆನ್ಸಿ ಗಾರ್ಡ್ ಕೋ ಬುಲಾತೇ, ಅಮ್ಮಾ. ರೂಮ್ ಖಾಲಿ ಕರೋ.” ಸುಮ್ಮಸುಮ್ಮನೆ ಪೊಲೀಸರು ಬರುವಂತಾಯಿತು, ಏಜೆನ್ಸಿಯಿಂದ ಗಾರ್ಡ್ ಕರೆಸುತ್ತೇವೆ, ಕೋಣೆ ಬಿಡಿ ಎಂಬುದು ಅವರ ಮಾತು.

ಭಾನುವಾರದ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು. ಗದಿಗೆಮ್ಮ ಪಾತ್ರೆಪಡಗ ಚೀಲಕ್ಕೆ ತುಂಬಿಟ್ಟೇ ಹೋದರು. ಅಲ್ಲಿ ಮೊದಲು ಎದ್ದು ನಿಂತವಳು ಪೂರ್ವಿ. ತಪ್ಪು ತಿಳಿದದ್ದು ನಾನು ಎಂದಳು. ಬೆಕ್ಕು ಬಂದರೂ ಎಚ್ಚರವಿರುವ ಇವರನ್ನು ಕಳಿಸಿ ಇನ್ನು ಯಾರನ್ನು ಕಾವಲಿಗೆ ಇಡುತ್ತೀರಿ ಎಂದು ಕೇಳಿದಳು. ರಾತ್ರಿ ಪಾಳಿಯ ಹುಡುಗಿಯರೂ ದನಿಗೂಡಿಸಿದರು. ಸೂರ್ಯನಾರಾಯಣ ಕೊನೆಗೆ ಒಂದೇ ಷರತ್ತು ಹಾಕಿದರು: ಬೆಕ್ಕಿಗೆ ಬೇರೆ ಹೆಸರಿಡಬೇಕು.

“ಈಗ ‘ಸಾವ್ಕಾರ್ರ’ ಅಂತೀನ್ರಿ. ಹಾಲ ಕುಡಿಯೂದಂತೂ ಬಿಟ್ಟಿಲ್ಲ” ಎನ್ನುತ್ತ ಗದಿಗೆಮ್ಮ ಎರಡನೇ ಮಹಡಿಯತ್ತ ಕತ್ತೆತ್ತುತ್ತಾರೆ. “ಆ ಕಿಟಕಿ ನೋಡ್ರಿ. ಆ ಹುಡುಗಿ ಬಂದಾಗಿಂದ ಮುಚ್ಚೇ ಇರ್ತಿತ್ತು. ಈಗ ತಗದ ಮಲಗತಾಳ.”