ವಿಲಿಮೋನಿಯ ಸ್ವಂತ ಚಿಪ್ಪು

ವಿಲಿಮೋನಿಯನ್ನು ಮೊದಲು ಕಂಡ ದಿನ ಆತ ಚರ್ಚಿನ ಮೆಟ್ಟಿಲ ಮೇಲೆ ಕುಳಿತು, ಪರಂಗಿ ಎಲೆಯ ದಂಟನ್ನು ನೀರಿನ ಬಾಟಲಿಗೆ ಇಳಿಬಿಟ್ಟು ಗುಳುಗುಳು ಊದುತ್ತಿದ್ದ. ಆಟವೆಂದು ಮಕ್ಕಳು ನಕ್ಕರು. ಅದು ಆಟವಲ್ಲ, ಎರಡು ಸಲ ನ್ಯುಮೋನಿಯಾ ಬಂದು ಸೊರಗಿದ್ದ ಎದೆಗೆ ನರ್ಸ್ ಲೈಸಾನಾ ಹೇಳಿಕೊಟ್ಟ ವ್ಯಾಯಾಮ. ಫಿಜಿಯ ಆ ಬೆಟ್ಟದೂರಿನ ಚರ್ಚಿನಲ್ಲಿ ಒಂದು ಕಾಲಕ್ಕೆ ಅವನು ಹಾಡಿದರೆ ಹೊಳೆಯಾಚೆಗೂ ಕೇಳಿಸುತ್ತಿತ್ತಂತೆ.

"ತಾತ, ಮೂರನೇ ಸಲ ಬಂದ್ರೆ ನಿಮ್ಮೆದೆ ತಡ್ಕೊಳ್ಳಲ್ಲ. ಹೊಗೆ ಬೇಡ, ಇನ್ನೊಬ್ಬರ ಎಂಜಲೂ ಬೇಡ," ಎಂದಿದ್ದಳು ಲೈಸಾನಾ.

ಅಂದಿನಿಂದ ವಿಲಿಮೋನಿ ಹೊಗೆಸೊಪ್ಪನ್ನು ಮುಟ್ಟಲಿಲ್ಲ. ಲಸಿಕೆ ಹಾಕಿಸಿಕೊಂಡ. ಅಡುಗೆಮನೆಯ ಹೊಗೆಯಿಂದ ಚಾಪೆಯನ್ನು ದೂರ ಎಳೆದುಕೊಂಡ. ಇವೆಲ್ಲ ಸುಲಭ. ಕಷ್ಟವೆಲ್ಲ ಯಂಗೋನದ ಕೂಟದಲ್ಲಿ. ಬೇರು ಕುಟ್ಟಿ ಕಲಸಿದ ಆ ನೀರನ್ನು ಸುತ್ತ ಕುಳಿತವರೆಲ್ಲ ಒಂದೇ ತೆಂಗಿನ ಚಿಪ್ಪಿನಲ್ಲಿ ಕುಡಿಯಬೇಕು. ವಿಲಿಮೋನಿ ತನ್ನದೇ ಚಿಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಹೋಗತೊಡಗಿದ.

"ಏನ್ ಭಾವ, ನಮ್ಮ ಎಂಜಲು ಈಗ ಹೇಸಿಗೆ ಆಯ್ತಾ? ಅಕ್ಕನ ಎಂಜಲು ಇಷ್ಟು ವರ್ಷ ರುಚಿಯಾಗಿತ್ತಲ್ಲ!" ಎಂದು ಹೆಂಡತಿಯ ತಮ್ಮ ಎರೋನಿ ಛೇಡಿಸಿದ.

"ನಿಮ್ಮಕ್ಕ ಹಲ್ಲುಜ್ತಾಳೆ ಕಣೋ."

ಕೂಟವೆಲ್ಲ ನಕ್ಕಿತು. ಆ ನಗೆಯ ಮರೆಯಲ್ಲಿ ಚಿಪ್ಪು ಉಳಿದುಕೊಂಡಿತು.

ಅವನ ಅಣ್ಣ ಜೋವೇಸಾ ಗೆಡ್ಡೆಯ ತೋಟದ ಜಗಳದಲ್ಲಿ ಮಾತು ಬಿಟ್ಟು, ಹೊಳೆಯಾಚೆ ಮನೆ ಕಟ್ಟಿಕೊಂಡಿದ್ದ. ಒಂದು ಮಧ್ಯಾಹ್ನ ಆತನೇ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ಬಾಗಿಲಲ್ಲಿ ಮಂಡಿಯೂರಿದ. ಕ್ಷಮೆ ಕೇಳುವ ರೀತಿ ಅದು. ವಿಲಿಮೋನಿ ಹಲ್ಲನ್ನು ಸ್ವೀಕರಿಸಿದ. ಇನ್ನು ಇಬ್ಬರೂ ಒಂದೇ ಚಿಪ್ಪಿನಲ್ಲಿ ಕುಡಿದರೆ ಜಗಳ ಮುಗಿದಂತೆ.

ಜೋವೇಸಾ ಕೆಮ್ಮುತ್ತ ಕೆಮ್ಮುತ್ತ ಕುಡಿದ. ಚಿಪ್ಪು ತುಂಬಿ ವಿಲಿಮೋನಿಯ ಮುಂದೆ ಬಂತು. ಸ್ವಂತ ಚಿಪ್ಪು ತೊಡೆಯ ಪಕ್ಕದಲ್ಲೇ ಇತ್ತು. ಅದನ್ನು ಎತ್ತಿದರೆ ಅಣ್ಣನ ಮುಖಕ್ಕೆ ಉಗಿದಂತೆ.

"ಕುಡಿಯೋ ತಮ್ಮಾ," ಎಂದ ಜೋವೇಸಾ. "ಸಾಯೋದ್ರೊಳಗೆ ಇದೊಂದು ಮುಗಿದುಹೋಗ್ಲಿ."

ಕುಡಿಯುವ ಮುನ್ನ ಪದ್ಧತಿಯಂತೆ ವಿಲಿಮೋನಿ ಒಮ್ಮೆ ಕೈ ತಟ್ಟಿದ. ಅಣ್ಣನ ಚಿಪ್ಪನ್ನು ಎತ್ತಿ ಒಂದೇ ಉಸಿರಿಗೆ ಕುಡಿದು, ಮತ್ತೆ ಮೂರು ಸಲ ತಟ್ಟಿದ. ಜೋವೇಸಾ ತಬ್ಬಿಕೊಂಡು ಅತ್ತ.

ಆ ವಾರವೇ ವಿಲಿಮೋನಿಗೆ ಚಳಿಜ್ವರ ಬಂತು, ಮೂರನೇ ಸಲದ ನ್ಯುಮೋನಿಯಾ. ಎರೋನಿ ಭಾವನನ್ನು ಬೆನ್ನ ಮೇಲೆ ಹೊತ್ತು ಲಾರಿ ನಿಲ್ಲುವಲ್ಲಿಗೆ ಇಳಿಸಿದ. ಆ ದಾರಿಯಲ್ಲಿ ಒಂದು ಕುಚೋದ್ಯವನ್ನೂ ಆಡಲಿಲ್ಲ. ಆಸ್ಪತ್ರೆಯಿಂದ ವಿಲಿಮೋನಿ ಜೀವಸಹಿತ ಮರಳಿದನೇನೋ ಸರಿ, ದನಿ ಮಾತ್ರ ಪಿಸುಮಾತಿಗೆ ಇಳಿದಿತ್ತು.

"ಅಷ್ಟು ಹೇಳಿದ್ನಲ್ಲಾ ತಾತ..." ಲೈಸಾನಾ ಅವನ ಬೆನ್ನಿಗೆ ದಿಂಬು ಒತ್ತರಿಸಿದಳು.

"ನೀನು ಹೇಳಿದ್ದೆ ಮಗಳೇ. ಅಣ್ಣ ಅಲ್ವಾ, ಏನ್ ಮಾಡ್ಲಿ?"

ಸುದ್ದಿ ಕೇಳಿದ ಜೋವೇಸಾ ಮತ್ತೆ ಆ ಹೊಸ್ತಿಲನ್ನು ತುಳಿಯಲಿಲ್ಲ. "ನನ್ನ ಕೆಮ್ಮು ಅವನ ಮನೆಗೆ ಬೇಡ," ಎಂದು ಗೆಡ್ಡೆಯ ಬುಟ್ಟಿಯನ್ನು ಹೊಳೆಯ ಈಚೆ ದಡದಲ್ಲಿಟ್ಟು ಹಿಂದಿರುಗುತ್ತಾನೆ. ಜಗಳವಿದ್ದಾಗ ಇದ್ದಷ್ಟೇ ದೂರ, ರಾಜಿಯಾದ ಮೇಲೂ.

ಈಗ ವಿಲಿಮೋನಿ ಕಿಟಕಿಯ ಬಳಿ ಕುಳಿತು ದಂಟನ್ನು ಊದುತ್ತಾನೆ. ಗುಳ್ಳೆಗಳು ಏಳುವುದೇ ಅಪರೂಪ. ಸಂಜೆ ತನ್ನ ಚಿಪ್ಪಿನಲ್ಲಿ ಒಬ್ಬನೇ ಎರಡು ಗುಟುಕು ಕುಡಿದು, ಹೊಳೆಯ ಕಡೆಗೆ ತಿರುಗಿ, ಪದ್ಧತಿಯಂತೆ ಮೂರು ಸಲ ಕೈ ತಟ್ಟುತ್ತಾನೆ. ಆ ಕೈಯ ಸದ್ದು ಅಂಗಳವನ್ನೂ ದಾಟುವುದಿಲ್ಲ.