ಎತ್ತರದವನು ಹೋದ ಮೇಲೆ ನಾನು ಬರೆದ ವರದಿ

ಹೊಳೆನರಸೀಪುರದ ನಮ್ಮ ಬ್ಯಾಸ್ಕೆಟ್‌ಬಾಲ್ ಸಂಘಕ್ಕೆ ತೊಂಬತ್ತರ ದಶಕದ ನಡುವಿನವರೆಗೂ ಒಂದೇ ಒಂದು ತಂತ್ರವಿತ್ತು: ಚೆಂಡನ್ನು ಎತ್ತರದವನಿಗೆ ಕೊಡುವುದು. ಆರಡಿ ನಾಲ್ಕಂಗುಲದ ಆ ಯುವಕ ರಿಂಗಿನ ಎಡಮಗ್ಗುಲಲ್ಲಿ ಕೈಯೆತ್ತಿ ನಿಂತಿರುತ್ತಿದ್ದ. ಉಳಿದ ನಾಲ್ವರು ಹೇಗೋ ಚೆಂಡನ್ನು ಆ ಕೈಗೆ ಮುಟ್ಟಿಸಿ, ಆಮೇಲೆ ಪ್ರೇಕ್ಷಕರೊಂದಿಗೆ ತಾವೂ ಪ್ರೇಕ್ಷಕರಾಗುತ್ತಿದ್ದರು. ನಾನು ಈ ಏರ್ಪಾಟನ್ನು ತಾತ್ವಿಕವಾಗಿ ವಿರೋಧಿಸುತ್ತಿದ್ದೆ. ರಾಜ್ಯಶಾಸ್ತ್ರದ ಅಧ್ಯಾಪಕನಾಗಿ ಊರಿಗೆ ಬಂದು ಎರಡು ವರ್ಷವಾಗಿತ್ತು. ವಿದ್ಯಾರ್ಥಿದೆಸೆಯ ಚರ್ಚಾಸ್ಪರ್ಧೆಗಳ ಫಲಕಗಳು ಬಾಡಿಗೆ ಕೋಣೆಯ ಗೂಡಿನಲ್ಲಿ ಇನ್ನೂ ಹೊಳೆಯುತ್ತಿದ್ದವು. ಸಂಘಕ್ಕೆ ಸಹಕಾರ್ಯದರ್ಶಿಯೂ ಆಗಿದ್ದೆ. ಅಧಿಕಾರ ಒಬ್ಬನಲ್ಲಿ ಕೇಂದ್ರೀಕೃತವಾಗುವುದು ಯಾವ ಸಂಸ್ಥೆಗೂ ಕ್ಷೇಮವಲ್ಲ ಎಂದು ನಾನು ಆಟಗಾರರಿಗೆ ಹೇಳಿದಾಗಲೆಲ್ಲ ಅವರು ಗೌರವದಿಂದ ಕೇಳಿಸಿಕೊಂಡು, ಚೆಂಡನ್ನು ಎತ್ತರದವನಿಗೇ ಕೊಟ್ಟು ಗೆದ್ದು ಬರುತ್ತಿದ್ದರು.

ಒಂದು ಜೂನ್ ತಿಂಗಳಲ್ಲಿ ಎತ್ತರದವನಿಗೆ ಕ್ರೀಡಾ ಮೀಸಲಾತಿಯಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಊರೆಲ್ಲ ಮರುಗಿತು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆನೆಂಬುದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ.

ನಮ್ಮ ತರಬೇತುದಾರರು ನೀರಾವರಿ ಇಲಾಖೆಯಲ್ಲಿ ಕಾಲುವೆಯ ನಕ್ಷೆ ಬರೆಯುವ ನೌಕರರು. ಹನ್ನೆರಡು ವರ್ಷಗಳಿಂದ, ಒಂದು ಕಾಸೂ ಇಲ್ಲದೆ, ಬೆಳಗಿನ ಐದೂವರೆಗೆ ಅಂಕಣಕ್ಕೆ ಬಂದು ತಂಡವನ್ನು ಕಟ್ಟಿದವರು. ಎತ್ತರದವನು ಹೋದ ವಾರವೇ ಅವರು ಹಳೆಯ ನಕ್ಷೆಯೊಂದರ ಬೆನ್ನಿಗೆ ಹೊಸ ಆಟ ಬರೆದು ತಂದರು. ಐವರೂ ನಿಲ್ಲದೆ ಓಡುತ್ತಿರಬೇಕು, ಚೆಂಡು ಕೈಯಿಂದ ಕೈಗೆ ಹರಿಯಬೇಕು, ಎದುರಾಳಿಯ ಕಾವಲು ತಪ್ಪಿದವನು ಯಾರೇ ಆಗಲಿ ಅವನೇ ರಿಂಗಿಗೆ ಎಸೆಯಬೇಕು.

"ನೀರು ತಗ್ಗಿರೋ ಕಡೆ ತಾನೇ ಹರಿಯೋದು ಸಾ, ಅಂಗೇ ಇದು," ಎಂದರು. ನನಗೆ ಅದರಲ್ಲಿ ಸಾಕ್ಷಾತ್ ವಿಕೇಂದ್ರೀಕರಣವೇ ಕಾಣಿಸಿತು. ಅಂದು ಸಂಜೆಯೇ ಆಟಗಾರರನ್ನು ಸಿಮೆಂಟಿನ ಮೇಲೆ ಕೂರಿಸಿ ಪಂಚಾಯತ್ ರಾಜ್ ಕುರಿತು ನಲವತ್ತು ನಿಮಿಷ ಮಾತನಾಡಿದೆ.

ಸಂಘದ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ. ಸರಕನ್ನು ಕುಟ್ಟಿ ನೋಡದೆ ಕೊಳ್ಳುವವರಲ್ಲ. "ಮೈಸೂರಲ್ಲಿ ಇನ್ನೊಬ್ಬ ಉದ್ದುಕ್ಕವ್ನೆ. ಅವ್ನ ಕೋಚೂ ಜೊತೇಲೇ ಬತ್ತಾನಂತೆ," ಎಂದು ಸಮಿತಿಯ ಮುಂದೆ ಇಟ್ಟರು. "ಈ ಹೊಸ ಆಟ ನಡೀತದೆ ಅಂದ್ರೆ ನಮ್ಮವರೇ ಇರ್ಲಿ. ಇಲ್ಲ ಅಂದ್ರೆ ಅವ್ರನ್ನ ಕರ್ಸಾನ. ಮೂರು ಪಂದ್ಯ ನೋಡಿ ತೀರ್ಮಾನ ಹೇಳೋ ಕೆಲ್ಸ ಮೇಷ್ಟ್ರುದ್ದು. ತೀರ್ಪು ಕೊಡಾದು ಅವ್ರಿಗೆ ಅಭ್ಯಾಸ."

ಹೀಗೆ ಒಬ್ಬ ಮನುಷ್ಯನ ಹನ್ನೆರಡು ವರ್ಷಗಳು ನನ್ನ ವರದಿಯ ಕೈಗೆ ಬಂದವು. ನಾನು ಹೊಣೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಚರ್ಚಾಸ್ಪರ್ಧೆಯ ಅಂಕಪಟ್ಟಿಯನ್ನೇ ತುಸು ತಿದ್ದಿ, ವಿಷಯಕ್ಕೆ ನಲವತ್ತು, ಮಂಡನೆಗೆ ಮೂವತ್ತು, ಎದುರಾಳಿಯ ಖಂಡನೆಗೆ ಮೂವತ್ತು ಎಂದು ಗೆರೆ ಎಳೆದುಕೊಂಡೆ. ರಿಂಗಿನೊಳಗೆ ಬಿದ್ದ ಚೆಂಡಿಗೆ ಪ್ರತ್ಯೇಕ ಕಲಂ ಇಡಲು ಜಾಗ ಸಾಲಲಿಲ್ಲ.

ಮೊದಲ ಪಂದ್ಯ ಅರಕಲಗೂಡಿನಲ್ಲಿ. ಆಟ ಶುರುವಾದ ಎರಡನೇ ನಿಮಿಷಕ್ಕೆ ನಮ್ಮವನೊಬ್ಬ ಸೊಗಸಾಗಿ ಓಡಿ, ಕಾವಲು ತಪ್ಪಿಸಿ, ಚೆಂಡನ್ನು ರಿಂಗಿನ ಎಡಮಗ್ಗುಲಿಗೆ ಎತ್ತರಕ್ಕೆ ತೂರಿದ. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ ಕಡಲೆಕಾಯಿ ಮಾರುವವಳ ಬುಟ್ಟಿಯನ್ನು ಉರುಳಿಸಿತು. ಮೊದಲರ್ಧದಲ್ಲಿ ಇದು ನಾಲ್ಕು ಬಾರಿ ಆಯಿತು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ತಂಡದ ನಾಯಕ ಮೂವತ್ತೆರಡರ ಗೃಹಸ್ಥ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಉಳಿದ ನಾಲ್ವರಲ್ಲಿ ಇಬ್ಬರು ಅವರ ಕೈಯಲ್ಲೇ ಅಕ್ಷರ ಕಲಿತವರು. ಹಿರಿಯರು ಎದುರಿಗಿರುವಾಗ ಕಿರಿಯನು ತಾನೇ ಎಸೆದುಬಿಡುವುದು ಹೇಗೆ? ಕಾವಲಿಲ್ಲದೆ ನಿಂತ ಹುಡುಗ ಚೆಂಡನ್ನು ನಾಯಕರಿಗೆ ಕೊಟ್ಟು, "ನೀವಾಕಿ ಅಣ್ಣ," ಎನ್ನುತ್ತಿದ್ದ. ನಾಯಕರೂ ದೊಡ್ಡ ಮನಸ್ಸಿನವರು. "ಇಲ್ಲ ಕಣಪ್ಪ, ನೀನೇ ಹಾಕು," ಎಂದು ಹಿಂದಿರುಗಿಸುತ್ತಿದ್ದರು. "ಛೇ, ನಿಮ್ಮ ಮುಂದೆ ನಾನಾ?" ಎಂದು ಅವನು ಮತ್ತೊಬ್ಬನಿಗೆ ಕೊಡುತ್ತಿದ್ದ. ಮೂವತ್ತು ಸೆಕೆಂಡಿನೊಳಗೆ ರಿಂಗಿಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ ಹೋಗುವುದು ಅಂದಿನ ನಿಯಮ. ನಮ್ಮ ಉಪಚಾರ ಮುಗಿಯುವಷ್ಟರಲ್ಲಿ ತೀರ್ಪುಗಾರನ ಸೀಟಿ ಕೇಳಿಸುತ್ತಿತ್ತು.

ಕಾಂಪೌಂಡಿನ ಮೇಲೆ ಕೂತವನೊಬ್ಬ ಕೂಗಿದ: "ಲೇ, ಚೆಂಡೇನು ಪರಸಾದವೇನ್ಲಾ, ಎಲ್ರಿಗೂ ಅಂಚಕ್ಕೆ?"

"ಬುಡ್ಲಾ, ಬೀಗ್ರ ಊಟ ನಡೀತಾದೆ. ಎಲೆ ಎತ್ತೋ ಗಂಟ ಸುಮ್ನಿರು," ಎಂದ ಪಕ್ಕದವನು.

ನಾವು ದೊಡ್ಡ ಅಂತರದಲ್ಲಿ ಸೋತೆವು. ಪರಸ್ಪರ ಸಹಕಾರ ಅಭೂತಪೂರ್ವವಾಗಿದ್ದುದರಿಂದ ನಾನು ವಿಷಯಕ್ಕೆ ಮೂವತ್ತಾರು ಅಂಕ ಕೊಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ತರಬೇತುದಾರರು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು: "ಸಾ, ನಿಜ ಹೇಳಿ. ಆಟ ತಪ್ಪಾ, ನಮ್ ಹುಡುಗ್ರು ಆಡಿದ್ದು ತಪ್ಪಾ?"

"ಅದನ್ನು ಎರಡು ದೃಷ್ಟಿಯಿಂದ ನೋಡಬೇಕು," ಎಂದು ನಾನು ಆರಂಭಿಸಿದೆ. ಅವರು ಮತ್ತೆ ಕೇಳಲಿಲ್ಲ.

ಸುಧಾರಕನಿಗೆ ರೋಗ ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಿಲ್ಲ. ಚನ್ನರಾಯಪಟ್ಟಣದ ಪಂದ್ಯಕ್ಕೆ ಮುಂಚೆ ನಾನೊಂದು ಸುತ್ತೋಲೆ ಹೊರಡಿಸಿದೆ: ಅಂಕಣದ ಗೆರೆಯೊಳಗೆ ಅಣ್ಣ, ತಮ್ಮ ಎಂಬ ಸಂಬೋಧನೆಗಳು ನಿಷಿದ್ಧ, ಎಲ್ಲರನ್ನೂ ಅಂಗಿಯ ಸಂಖ್ಯೆಯಿಂದ ಮಾತ್ರ ಕರೆಯತಕ್ಕದ್ದು. ಆಟಗಾರರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ನಾಯಕರ ಸಂಖ್ಯೆ ನಾಲ್ಕು. "ನಾಕನೇ ನಂಬರಿನೋರೇ, ದಯವಿಟ್ಟು ನೀವಾಕಿ," ಎಂದು ಕಿರಿಯನು ಕೈಮುಗಿಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದ. ಮೊದಲಾದರೆ "ಅಣ್ಣ" ಎಂಬ ಎರಡಕ್ಷರದಲ್ಲಿ ಮುಗಿಯುತ್ತಿದ್ದ ಗೌರವಕ್ಕೆ ಈಗ ಮೂರು ಸೆಕೆಂಡು ಹೆಚ್ಚಿಗೆ ಬೇಕಾಯಿತು. ಅರಕಲಗೂಡಿಗಿಂತ ಇಲ್ಲಿ ಹೆಚ್ಚು ಸೀಟಿ ಊದಿಸಿಕೊಂಡೆವು. ಸೋತು ಬಸ್ಸು ಹತ್ತುವಾಗ ನಾಯಕರು ನನ್ನನ್ನು ಕರೆದು, "ತಪ್ಪು ತಿಳೀಬೇಡಿ ಸಾರ್. ಈ ವಯಸ್ಸಲ್ಲಿ ನಂಬರ್ ಹಿಡಿದು ಕರೆಸಿಕೊಳ್ಳೋದು ಜೈಲಲ್ಲಿ ಮಾತ್ರ," ಎಂದರು.

ಉಳಿದದ್ದು ಹಾಸನದ ಪಂದ್ಯವೊಂದೇ. ಅದಕ್ಕೆ ಮೂರು ದಿನವಿರುವಾಗ ತರಬೇತುದಾರರು ಬೆಳಗಿನ ಅಭ್ಯಾಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು.

"ಮದ್ವೇಲಿ ತಾಳಿ ತಟ್ಟೇನ ಹಿರೀರಿಗೆಲ್ಲ ಮುಟ್ಟುಸ್ಕೊಂಡು ಬತ್ತಾರಾ ಇಲ್ವಾ? ಅವ್ರು ಮುಟ್ಟಿ ವಾಪಸ್ ಕೊಡ್ತಾರೆ. ತಾವೇ ಕಟ್ಟಾಕೆ ಓಯ್ತಾರಾ? ಅಂಗೇ. ಚೆಂಡು ಸಿಕ್ಕಿದ್ ತಕ್ಷಣ ಮೊದ್ಲು ನಾಯಕ್ರ ಕೈಗೆ. ಅವ್ರು ಮುಟ್ಟಿ ವಾಪಸ್ ಕೊಟ್ರು ಅಂದ್ರೆ ಅಪ್ಪಣೆ ಆಯ್ತು ಅಂತ. ಆಮೇಕೆ ಯಾರಿಗ್ ಬಿಡುವೋ ಅವ್ನು ಆಕದು. ಯಾರ್ನೂ ಕೇಳಂಗಿಲ್ಲ ಕಣ್ರಲಾ!"

ಇದು ಪಾಳೆಯಗಾರಿಕೆಯ ಪುನರ್‌ಸ್ಥಾಪನೆ ಎಂದು ನಾನು ಅಲ್ಲೇ ಪ್ರತಿಭಟಿಸಿದೆ. ಅವರು ನಕ್ಕು, "ಒಂದ್ ಸೆಕೆಂಡಿನ ಪಾಳೆಗಾರಿಕೆ ಸಾ, ಇರ್ಲಿ ಬುಡಿ," ಎಂದರು.

ಹಾಸನದ ತಂಡ ಜಿಲ್ಲೆಯಲ್ಲೇ ಬಲವಾದುದು. ಎತ್ತರದವನಿದ್ದ ಕಾಲದಲ್ಲೂ ನಾವು ಅವರೆದುರು ಗೆದ್ದಿರಲಿಲ್ಲ. ಅಂದು ನಮ್ಮ ಆಟವನ್ನು ನಾನು ಗುರುತಿಸದಾದೆ. ಚೆಂಡು ನಾಯಕರ ಅಂಗೈಗೆ ಹೋಗಿ ಮರಳುತ್ತಿತ್ತು; ಮರಳಿದ್ದೇ ತಡ, ಐವರೂ ಕಟ್ಟು ಬಿಚ್ಚಿದ ಕರುಗಳಂತೆ ಓಡುತ್ತಿದ್ದರು. ತಂಡದಲ್ಲೇ ಗಿಡ್ಡ, ಅಂದಿನವರೆಗೆ ಒಮ್ಮೆಯೂ ಎಸೆಯಲು ಧೈರ್ಯ ಮಾಡದಿದ್ದ ಅರ್ಚಕರ ಮಗ, ದೂರದಿಂದ ಸಾಲಾಗಿ ಮೂರು ಹಾಕಿದ. ನಾಯಕರು ಅಂಕಣದ ನಡುವೆಯೇ ನಿಂತು ಚಪ್ಪಾಳೆ ತಟ್ಟಿದ್ದರಿಂದ ಎದುರಾಳಿಗೆ ಎರಡು ಅಂಕ ಪುಕ್ಕಟೆಯಾಗಿ ಸಿಕ್ಕಿತು. ಎರಡೇ ಅಂಕದಿಂದ ಸೋತೆವು. ತರಬೇತುದಾರರು ಸೋತವರ ಹಾಗೆ ಕಾಣಲಿಲ್ಲ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಂಕಪಟ್ಟಿ ನನ್ನ ತೊಡೆಯ ಮೇಲೆ ಖಾಲಿಯಾಗಿತ್ತು, ಬರೆಯುವುದು ಮರೆತುಹೋಗಿತ್ತು.

ಮರೆತದ್ದನ್ನು ನಾನು ಕೋಣೆಗೆ ಬಂದು ಸರಿಪಡಿಸಿದೆ. ಹನ್ನೊಂದು ಪುಟಗಳ ವರದಿ ಬರೆದೆ. ಹೊಸ ಪದ್ಧತಿಯ ಪರವಾಗಿ ಐದು ವಾದ, ವಿರುದ್ಧವಾಗಿ ಐದು ವಾದ. ವಿರುದ್ಧ ಪಕ್ಷದಲ್ಲಿ ನಾಲ್ಕೇ ಸಿಕ್ಕಿದ್ದವು. ಏಕಪಕ್ಷೀಯನೆನಿಸಿಕೊಳ್ಳಬಾರದೆಂದು ಐದನೆಯದನ್ನು ಕಷ್ಟಪಟ್ಟು ಹುಡುಕಿದೆ. ಮೂರು ಪಂದ್ಯಗಳಲ್ಲೂ ಸೋಲೇ ಸಂಭವಿಸಿತೆಂಬ ವಾಸ್ತವವನ್ನು ಅಲ್ಲಗಳೆಯಲಾಗದು ಎಂದು ಸೇರಿಸಿದೆ. ಅಪ್ಪಣೆಯ ಪಾಸು ಸಮಾನತೆಯ ತತ್ವಕ್ಕೆ ಚ್ಯುತಿ ತಂದಿದೆಯೆಂದೂ ಬರೆದೆ.

ಸಮಿತಿ ಸೇರಿದ ಭಾನುವಾರ ತರಬೇತುದಾರರು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಅಧ್ಯಕ್ಷರು ಹಾಳೆಗಳನ್ನು ತಿರುವಿಹಾಕಿ, ಕೊನೆಯ ಪುಟಕ್ಕೆ ಬಂದು, ಮತ್ತೆ ಮೊದಲ ಪುಟಕ್ಕೆ ಹೋಗಿ, ಕನ್ನಡಕ ತೆಗೆದರು.

"ಮೇಷ್ಟ್ರೇ, ನಮ್ಗೆ ಇಷ್ಟೊಂದು ತಿಳಿಯಾಕಿಲ್ಲ. ಈ ಆಟ ಇಟ್ಕೊಳಾನಾ, ಬುಡಾನಾ? ಒಂದೇ ಮಾತು."

ನಾನು ಎದ್ದು ನಿಂತೆ. ಬೆಂಚಿನ ಕಡೆ ಕಣ್ಣು ಹೋಯಿತು. ಅವರು ಮುಂದಕ್ಕೆ ಬಾಗಿ ಕೂತಿದ್ದರು. ಹಾಸನದಲ್ಲಿ ನಾನು ಕಂಡದ್ದು ನನಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಆದರೂ ಬಾಯಿಂದ ಹೊರಟದ್ದು, "ಮಾನ್ಯ ಅಧ್ಯಕ್ಷರೇ, ಒಂದು ದೃಷ್ಟಿಯಿಂದ ನೋಡಿದರೆ..."

"ಆಯ್ತು ಕುಂತ್ಕಳಿ," ಎಂದರು ಅಧ್ಯಕ್ಷರು. "ಸರಿ ಇದ್ದಿದ್ರೆ ಸರಿ ಅಂತಿದ್ರು. ಮೈಸೂರಿಗೆ ಫೋನ್ ಹಾಕ್ರಪ್ಪ."

ಕಾಫಿ ಬಂತು. ಬೆಂಚು ಖಾಲಿಯಾಗಿತ್ತು. ಹೊಸ ಉದ್ದದವನಿಗೆ ಅಂಗಿಯ ಅಳತೆ ಯಾರು ತರಿಸಬೇಕೆಂಬ ಚರ್ಚೆ ನಡೆಯುತ್ತಿದ್ದಾಗ ನಾನು ಮತ್ತೆ ಎದ್ದು, "ಆಟ ಚೆನ್ನಾಗಿದೆ, ಇಟ್ಟುಕೊಳ್ಳಬೇಕು," ಎಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ನಡಾವಳಿ ಬರೆಯುವವನೂ ನಾನೇ ಆದ್ದರಿಂದ, 'ವಿಷಯ ಇತ್ಯರ್ಥವಾದ ಬಳಿಕ ಬಂದ ಅಭಿಪ್ರಾಯವನ್ನು ಗಮನಿಸಲಾಯಿತು' ಎಂದು ನನ್ನ ಕೈಯಾರೆ ದಾಖಲಿಸಿದೆ.

ಎರಡು ತಿಂಗಳ ಮೇಲೆ ಹಾಸನದ ಬಸ್ ನಿಲ್ದಾಣದಲ್ಲಿ ತರಬೇತುದಾರರು ಸಿಕ್ಕಿದರು. ಸಾಲಗಾಮೆಯ ಕಡೆ ಏನೋ ಅಳತೆಯ ಕೆಲಸವೆಂದರು. ಬೆಳಗ್ಗೆ ಈಗಲೂ ಐದಕ್ಕೇ ಎಚ್ಚರವಾಗುತ್ತದಂತೆ. ಎದ್ದು ಮಾಡುವುದೇನೆಂದು ತಿಳಿಯದೆ ಗಿಡಗಳಿಗೆ ನೀರು ಹಾಕುತ್ತಾರಂತೆ. ನಾನು ತಲೆ ತಗ್ಗಿಸಿದ್ದನ್ನು ಕಂಡು ಅವರೇ ಸಮಾಧಾನ ಹೇಳಿದರು.

"ನಿಮ್ ವರದಿ ಇಸ್ಕೊಂಡ್ ಬಂದು ಮೂರ್ ಸಲ ಓದ್ದೆ ಸಾ. ಬಾಳ ಚೆನ್ನಾಗಿ ಬರ್ದಿದೀರಿ. ನನ್ ಆಟ ಸರಿ ಇತ್ತಾ ಇಲ್ವಾ ಅನ್ನೋದೊಂದು ಮಾತ್ರ ತಿಳೀಲಿಲ್ಲ."

"ಸರಿ ಇತ್ತು," ಎಂದೆ.

"ಸರಿ ಇತ್ತು ಅಲ್ವಾ?" ಎಂದು ಅವರು ಇನ್ನೊಮ್ಮೆ ಕೇಳಿ, ಸಾಲಗಾಮೆಯ ಬಸ್ಸು ಹತ್ತಿದರು.